ಅಟ್ಟುವ ಎಳೆ: ‘ಆಕ್ಟಿನ್’ ಪದದ ಹಿಂದು ಮುಂದು

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಆಕ್ಟಿನ್, ಮಯೋಸಿನ್ ಎಂಬ ಜೋಡಿ ಹೆಸರು ಮರೆಯುವುದಿಲ್ಲ. ಸ್ನಾಯುವಿನ ಪಾಠದಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ದಪ್ಪ ಎಳೆ ಮಯೋಸಿನ್, ತೆಳು ಎಳೆ ಆಕ್ಟಿನ್; ಒಂದರ ಮೇಲೊಂದು ಜಾರಿದಾಗ ಸ್ನಾಯು ಕುಗ್ಗುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆಕ್ಟಿನ್ ಎಂಬ ಪದವನ್ನು ಸ್ನಾಯುವಿನ ಪಾಠದಲ್ಲೇ ಬಿಟ್ಟು ಬರುವುದು ಅದಕ್ಕೆ ಮಾಡುವ ಅನ್ಯಾಯ. ಇನ್ನೊಂದು ಪ್ರೊಟೀನಿನ ಸಹಾಯಕನೆಂದು 1942ರಲ್ಲಿ ಹುಟ್ಟಿದ ಈ ಹೆಸರು ಇಂದು ಅಮೀಬಾದಲ್ಲಿದೆ, ಆಲದ ಮರದಲ್ಲಿದೆ, ನಮ್ಮ ಮೈಯ ಬಹುತೇಕ ಪ್ರತಿ ಜೀವಕೋಶದಲ್ಲೂ ಇದೆ. ಇಟ್ಟವರ ಮನಸ್ಸಿನಲ್ಲಿದ್ದ ಅರ್ಥವನ್ನು ಅದು ಬೇಗನೆ ಮೀರಿ ಬೆಳೆಯಿತು. ಆದರೆ ಅದರ ಧಾತುವಿನಲ್ಲಿ ಸಾವಿರಾರು ವರ್ಷಗಳಿಂದ ಅಡಗಿದ್ದ ಇನ್ನೊಂದು ಅರ್ಥವಿದೆ. ವಿಜ್ಞಾನ ಮುಂದುವರಿದಷ್ಟೂ ಆ ಹಳೆಯ ಅರ್ಥವೇ ನಿಜವಾಗುತ್ತ ಬಂದದ್ದು ಈ ಪದದ ಬಾಳಿನ ಸೊಗಸು.

ಜೋಡಿಯಲ್ಲಿ ಹಿರಿಯದು ಮಯೋಸಿನ್. 1864ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಕಪ್ಪೆಯ ಸ್ನಾಯುರಸದಲ್ಲಿ ಹೆಪ್ಪುಗಟ್ಟುವ ಪ್ರೊಟೀನೊಂದಕ್ಕೆ ಈ ಹೆಸರಿಟ್ಟರು. ‘ಎಂಜೈಮ್’ ಎಂಬ ಪದವನ್ನು ಲೋಕಕ್ಕೆ ಕೊಟ್ಟವರೂ ಇವರೇ. ಗ್ರೀಕಿನ ‘ಮ್ಯೂಸ್’ ಎಂಬುದಕ್ಕೆ ಇಲಿ ಎಂದೂ ಸ್ನಾಯು ಎಂದೂ ಎರಡರ್ಥ. ಲ್ಯಾಟಿನ್ನಿನ ‘ಮುಸ್ಕುಲುಸ್’ ಎಂದರೂ ಚಿಕ್ಕ ಇಲಿಯೇ. ಸಂಸ್ಕೃತದ ಮೂಷ, ಮೂಷಿಕ ಇದೇ ಬಳಗದ ಪದಗಳು. ಹೀಗೆ ಮಯೋಸಿನ್ ಎಂದರೆ ‘ಸ್ನಾಯುವಿನದು’ ಎಂದಷ್ಟೇ ಅರ್ಥ; ಅದು ಇರುವ ಜಾಗವನ್ನು ಹೇಳುವ ಹೆಸರು. ಆಕ್ಟಿನ್ ಮಾಡುವ ಕೆಲಸವನ್ನು ಹೇಳುವ ಹೆಸರು.

ಆ ಹೆಸರು ಹುಟ್ಟಿದ್ದು ದಕ್ಷಿಣ ಹಂಗೆರಿಯ ಸೆಗೆಡ್ ಎಂಬ ಊರಿನಲ್ಲಿ. ಆ ಸೀಮೆಯ ಕೆಂಪು ಮೆಣಸಿನಕಾಯಿಯಿಂದ ಸಿ ಜೀವಸತ್ವವನ್ನು ಹೇರಳವಾಗಿ ತೆಗೆದು, 1937ರಲ್ಲಿ ನೊಬೆಲ್ ಪಡೆದಿದ್ದ ಆಲ್ಬರ್ಟ್ ಸೆಂಟ್‌ಜ್ಯೋರ್ಜಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದರು. ಮಯೋಸಿನ್ ಬರಿಯ ಕಟ್ಟಡದ ಸಾಮಗ್ರಿಯಲ್ಲ, ಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಅಣುವನ್ನು ಒಡೆಯುವ ಕಿಣ್ವವೂ ಹೌದು ಎಂದು 1939ರಲ್ಲಿ ಸೋವಿಯತ್ ದೇಶದ ಎಂಗೆಲ್‌ಹಾರ್ಟ್ ಮತ್ತು ಲ್ಯುಬಿಮೋವಾ ತೋರಿಸಿದ್ದರು. ಆ ಸುದ್ದಿ ಸೆಂಟ್‌ಜ್ಯೋರ್ಜಿಯವರ ಗಮನವನ್ನು ಸ್ನಾಯುವಿನತ್ತ ತಿರುಗಿಸಿತು. ಅವರೂ ಅವರ ಸಹೋದ್ಯೋಗಿ ಇಲೋನಾ ಬಂಗಾ ಅವರೂ ಮೊಲದ ಸ್ನಾಯುವನ್ನು ಅರೆದು ಗಾಢ ಉಪ್ಪಿನ ದ್ರಾವಣದಲ್ಲಿ ನೆನೆಸಿದರು. 20 ನಿಮಿಷಕ್ಕೆ ಬಸಿದರೆ ತೆಳುವಾದ ಮಯೋಸಿನ್ ಸಿಕ್ಕಿತು. ರಾತ್ರಿಯಿಡೀ ಬಿಟ್ಟು ಬಸಿದಾಗ ಸಿಕ್ಕಿದ್ದು ಮಂದವಾದ, ಸುಲಭಕ್ಕೆ ಹರಿಯದ ದ್ರಾವಣ. ಎಟಿಪಿ ಬೆರೆಸಿದೊಡನೆ ಆ ಮಂದ ದ್ರಾವಣವೂ ತೆಳ್ಳಗಾಯಿತು. ತೆಳುವಾದದ್ದು ಮಯೋಸಿನ್ ‘ಎ’, ಮಂದವಾದದ್ದು ಮಯೋಸಿನ್ ‘ಬಿ’ ಎಂದಾಯಿತು. ‘ಬಿ’ಯಿಂದ ಸಣ್ಣ ದಾರಗಳನ್ನು ಎಳೆದು ಎಟಿಪಿ ಇರುವ ದ್ರಾವಣದಲ್ಲಿ ಬಿಟ್ಟರೆ ಅವು ಕಣ್ಣೆದುರೇ ಕುಗ್ಗಿದವು. ಜೀವದ ಲಕ್ಷಣವೆಂದು ನಂಬಿದ್ದ ಚಲನೆ ಜೀವವಿಲ್ಲದ ಗಾಜಿನ ತಟ್ಟೆಯಲ್ಲಿ ನಡೆದಿತ್ತು. ತಮ್ಮ ಬಾಳಿನ ಅತ್ಯಂತ ರೋಮಾಂಚದ ಗಳಿಗೆ ಬಹುಶಃ ಅದೇ ಎಂದು ಸೆಂಟ್‌ಜ್ಯೋರ್ಜಿ ಮುಂದೆ ನೆನೆದರು.

‘ಎ’ಗೂ ‘ಬಿ’ಗೂ ಇರುವ ವ್ಯತ್ಯಾಸವೇನು? ಈ ಪ್ರಶ್ನೆ ಬಿದ್ದದ್ದು ತರುಣ ಸಂಶೋಧಕ ಬ್ರೂನೋ ಸ್ಟ್ರೌಬ್ ಅವರ ಪಾಲಿಗೆ. ಮಯೋಸಿನ್ ತೆಗೆದು ಉಳಿದ ಸ್ನಾಯುವಿನ ಚರಟವನ್ನು ಅಸಿಟೋನಿನಿಂದ ಒಣಗಿಸಿ ಪುಡಿ ಮಾಡಿ, ಆ ಪುಡಿಯನ್ನು ನೀರಿನಲ್ಲಿ ನೆನೆಸಿದಾಗ ಎರಡನೆಯ ಪ್ರೊಟೀನೊಂದು ಇಳಿದುಬಂತು. ಅದನ್ನು ತೆಳುವಾದ ಮಯೋಸಿನ್ನಿಗೆ ಬೆರೆಸಿದರೆ ಅದು ಮಂದವಾಯಿತು, ಎಟಿಪಿಗೆ ಸ್ಪಂದಿಸಿತು, ಕುಗ್ಗಬಲ್ಲದ್ದಾಯಿತು. ಸುಮ್ಮನಿದ್ದ ಮಯೋಸಿನ್ನನ್ನು ಸಕ್ರಿಯಗೊಳಿಸುವುದರಿಂದ ಹೊಸ ಪ್ರೊಟೀನಿಗೆ ‘ಆಕ್ಟಿನ್’ ಎಂಬ ಹೆಸರು ಬಂತು. ಎರಡರ ಕೂಟ ‘ಆಕ್ಟೋಮಯೋಸಿನ್’ ಆಯಿತು. ಇದಕ್ಕೆ 55 ವರ್ಷ ಮೊದಲೇ, 1887ರಲ್ಲಿ, ಇಂಗ್ಲೆಂಡಿನ ಹ್ಯಾಲಿಬರ್ಟನ್ ಸ್ನಾಯುರಸವನ್ನು ಹೆಪ್ಪುಗಟ್ಟಿಸುವ ವಸ್ತುವೊಂದನ್ನು ಗುರುತಿಸಿ ‘ಮಯೋಸಿನ್ ಫರ್ಮೆಂಟ್’ ಎಂದು ಕರೆದಿದ್ದರು. ಆ ಹೆಸರು ನಿಲ್ಲಲಿಲ್ಲ. ಸ್ಟ್ರೌಬ್ ಅವರ ಹೆಸರು ನಿಂತಿತು. ಒಣಪುಡಿಯಿಂದ ಆಕ್ಟಿನ್ ತೆಗೆಯುವ ಅವರ ವಿಧಾನವೂ ಅಲ್ಪಸ್ವಲ್ಪ ತಿದ್ದುಪಡಿಗಳೊಂದಿಗೆ ಇಂದಿಗೂ ಪ್ರಯೋಗಾಲಯಗಳಲ್ಲಿ ನಡೆದುಬಂದಿದೆ. ಇದೇ ಸ್ಟ್ರೌಬ್ 1988ರಿಂದ 1989ರವರೆಗೆ ಹಂಗೆರಿಯ ರಾಷ್ಟ್ರಾಧ್ಯಕ್ಷ ಪೀಠದಲ್ಲಿದ್ದರು.

ಪದ ಹುಟ್ಟಿದ ಕಾಲ ಮಹಾಯುದ್ಧದ್ದು. ಸೆಗೆಡ್‌ನ ಫಲಿತಾಂಶಗಳು ಆ ಸಂಸ್ಥೆಯದೇ ಸಂಪುಟಗಳಲ್ಲಿ ಅಚ್ಚಾದವು, ಗಡಿ ದಾಟಲಿಲ್ಲ. ಸೆಂಟ್‌ಜ್ಯೋರ್ಜಿ ನಾಜಿಗಳ ಕಣ್ಣು ತಪ್ಪಿಸಿ ತಲೆಮರೆಸಿಕೊಳ್ಳಬೇಕಾಯಿತು. 1945ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದರ ಪುರವಣಿಯಲ್ಲಿ ಅವರ ಬರಹ ಪ್ರಕಟವಾದ ಮೇಲೆಯೇ ಆಕ್ಟಿನ್ ಎಂಬ ಪದ ಜಗತ್ತಿನ ಕಿವಿಗೆ ಬಿದ್ದದ್ದು.

ಈಗ ಪದದ ಬೇರಿಗೆ ಇಳಿಯೋಣ. ‘ಆಕ್ಟ್’ ಎಂಬುದರ ಮೂಲ ಲ್ಯಾಟಿನ್ನಿನ ‘ಅಗೆರೆ’ ಎಂಬ ಕ್ರಿಯಾಪದ. ಅದಕ್ಕೆ ‘ಮಾಡು’ ಎಂಬ ಅರ್ಥ ಆಮೇಲೆ ಬಂದದ್ದು. ಮೊದಲ ಅರ್ಥ ದನ ಹೊಡೆದುಕೊಂಡು ಹೋಗುವುದು, ಅಟ್ಟುವುದು, ಮುನ್ನಡೆಸುವುದು. ಮಂದೆಯನ್ನು ಅಟ್ಟುವುದರಿಂದ ಕೆಲಸವನ್ನು ನಡೆಸುವುದಕ್ಕೆ, ಅಲ್ಲಿಂದ ಪಾತ್ರವನ್ನು ಆಡಿಸುವುದಕ್ಕೆ, ಕಾನೂನು ಮಾಡುವುದಕ್ಕೆ ಅರ್ಥ ಹರಡಿತು. ಕನ್ನಡದ ಬಾಯಿಗೆ ಬಂದಿರುವ ಆಕ್ಟಿಂಗ್, ಏಜೆಂಟ್, ಅಜೆಂಡಾ, ರಿಯಾಕ್ಷನ್ ಎಲ್ಲವೂ ಇದೇ ಹಟ್ಟಿಯಿಂದ ಹೊರಟವು. ಗ್ರೀಕಿನಲ್ಲಿ ಇದರ ರೂಪ ‘ಅಗೀನ್’. ಸೈನ್ಯವನ್ನು ನಡೆಸುವವನ ವಿದ್ಯೆಯಾದ ‘ಸ್ಟ್ರ್ಯಾಟೆಜಿ’ಯಲ್ಲಿ ಅದು ಕೂತಿದೆ.

ಸಂಸ್ಕೃತದಲ್ಲಿ ಇದರ ಜ್ಞಾತಿ ‘ಅಜ್’ ಎಂಬ ಧಾತು. ಧಾತುಪಾಠ ಇದಕ್ಕೆ ಗತಿ ಮತ್ತು ಕ್ಷೇಪಣ, ಎಂದರೆ ಚಲಿಸುವುದು ಮತ್ತು ಎಸೆಯುವುದು ಎಂಬ ಅರ್ಥಗಳನ್ನು ಕೊಡುತ್ತದೆ. ಓಟದ ಪಂದ್ಯ, ಕಾಳಗ ಎಂಬ ಅರ್ಥದ ‘ಆಜಿ’ ಇದರಿಂದ ಬಂತು. ಹಳಗನ್ನಡ ಕಾವ್ಯ ಓದಿದವರಿಗೆ ‘ಆಜಿರಂಗ’ ಗೊತ್ತಿರುವ ಪದ. ಇದಕ್ಕಿಂತ ಹತ್ತಿರದ್ದು ಇನ್ನೊಂದಿದೆ. ‘ಸಮ್’ ಎಂಬ ಉಪಸರ್ಗ ‘ಅಜ್’ಗೆ ಸೇರಿದರೆ ‘ಒಟ್ಟಿಗೆ ಅಟ್ಟು, ಒಂದೆಡೆ ಕೂಡಿಸು’ ಎಂದಾಗುತ್ತದೆ. ಪಾಣಿನಿಯ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಇದಕ್ಕೊಂದು ಸೂತ್ರವೇ ಇದೆ. ಪಶುಗಳ ಕೂಟವಾದರೆ ಹ್ರಸ್ವದ ‘ಸಮಜ’, ಮನುಷ್ಯರ ಕೂಟವಾದರೆ ದೀರ್ಘದ ‘ಸಮಾಜ’. ಅಮರಕೋಶವೂ ಇದೇ ಭೇದವನ್ನು ಹೇಳುತ್ತದೆ. ದಿನವೂ ನಾವು ಬಳಸುವ ‘ಸಮಾಜ’ವೂ ಹಂಗೆರಿಯಲ್ಲಿ ಹುಟ್ಟಿದ ‘ಆಕ್ಟಿನ್’ ಎಂಬ ಪದವೂ ಒಂದೇ ಬೇರಿನ ಎರಡು ಕವಲು.

ಈ ಬಂಧುಗಳ ಜೊತೆಗೆ ಹೊರಗಿನ ಹೋಲಿಕೆಯಿಂದ ದಾರಿ ತಪ್ಪಿಸುವ ಪದಗಳೂ ಇವೆ. ಆಕ್ಟಿನಿಯಂ ಎಂಬ ಮೂಲವಸ್ತು, ಆಕ್ಟಿನೋಮೈಸೀಟ್ಸ್ ಎಂಬ ಸೂಕ್ಷ್ಮಜೀವಿಗಳು, ಕಿವಿ ಹಣ್ಣಿನ ಕುಲನಾಮ ಆಕ್ಟಿನಿಡಿಯಾ, ಕ್ಯಾನ್ಸರಿಗೆ ಕೊಡುವ ಆಕ್ಟಿನೋಮೈಸಿನ್ ಔಷಧ: ಇವು ಯಾವುವೂ ಆಕ್ಟಿನ್ನಿನ ನಂಟರಲ್ಲ. ಗ್ರೀಕಿನ ‘ಅಕ್ಟಿಸ್’, ಎಂದರೆ ಕಿರಣ, ಇವುಗಳ ಮೂಲ. ಆದರೆ ಸ್ನಾಯುವಿನಲ್ಲಿರುವ ಆಲ್ಫಾ ಆಕ್ಟಿನಿನ್ ಎಂಬ ಪ್ರೊಟೀನು ನಿಜವಾಗಿ ಆಕ್ಟಿನ್ನಿನ ಹೆಸರಿನಿಂದಲೇ ಹುಟ್ಟಿದ್ದು. ಜಪಾನಿನ ಸೆತ್ಸುರೋ ಎಬಾಶಿ ಅದನ್ನು 1960ರ ದಶಕದಲ್ಲಿ ಗುರುತಿಸಿದರು.

ಹೆಸರಿನಿಂದ ವಸ್ತುವಿಗೆ ಬರೋಣ. ಒಂಟಿ ಆಕ್ಟಿನ್ ಅಣು ಸುಮಾರು 375 ಅಮೈನೋ ಆಮ್ಲಗಳ ಒಂದು ಉಂಡೆ. ಗೋಲಾಕಾರವಾದ್ದರಿಂದ ಅದಕ್ಕೆ ಜಿ-ಆಕ್ಟಿನ್ ಎಂದು ಹೆಸರು. ಉಪ್ಪಿನಂಶ ಸಿಕ್ಕಿದೊಡನೆ ಈ ಉಂಡೆಗಳು ಒಂದಕ್ಕೊಂದು ಕೂಡಿ ತಿರುಚಿದ ಜೋಡಿ ಎಳೆಯಾಗುತ್ತವೆ, ಅದು ಎಫ್-ಆಕ್ಟಿನ್. ಎಳೆಯ ದಪ್ಪ ಸುಮಾರು 7 ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 7 ಪಾಲು. ಪ್ರತಿ ಉಂಡೆಯ ಹೊಟ್ಟೆಯಲ್ಲೂ ಒಂದು ಎಟಿಪಿ ಕೂತಿರುತ್ತದೆ, ಎಳೆಗೆ ಸೇರಿದ ಮೇಲೆ ಅದು ಒಡೆಯುತ್ತದೆ ಎಂದು ಸ್ಟ್ರೌಬ್ ಮತ್ತು ಫಾಯರ್ 1950ರಲ್ಲಿ ಕಂಡರು. ಸಣ್ಣದೆನಿಸುವ ಈ ಸಂಗತಿಯಲ್ಲೇ ಮುಂದಿನ ಕತೆಯೆಲ್ಲ ಇದೆ.

1963ರಲ್ಲಿ ಹ್ಯೂ ಹಕ್ಸ್ಲಿ ಆಕ್ಟಿನ್ ಎಳೆಗಳಿಗೆ ಮಯೋಸಿನ್ ತುಣುಕುಗಳನ್ನು ಅಂಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎಳೆಯುದ್ದಕ್ಕೂ ಬಾಣದ ತಲೆಗಳು ಸಾಲಾಗಿ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಎಳೆಗೆ ಹಿಂದು ಮುಂದು ಇದೆ ಎಂದು ಅದರಿಂದ ಗೊತ್ತಾಯಿತು. ಬಾಣದ ಚೂಪು ಇರುವ ಕಡೆ ಮೊನೆಯ ತುದಿ, ಬಾಣದ ಹಿಂಗೊಕ್ಕೆ ಇರುವ ಕಡೆ ಕೊಕ್ಕೆಯ ತುದಿ ಎಂಬ ಹೆಸರುಗಳು ಅಲ್ಲಿಂದ ಬಂದವು. ಕೊಕ್ಕೆಯ ತುದಿ ಬೇಗ ಬೆಳೆಯುತ್ತದೆ. ಮೊನೆಯ ತುದಿ ನಿಧಾನ. ಎಟಿಪಿ ಹೊತ್ತ ಹೊಸ ಉಂಡೆ ಕೊಕ್ಕೆಯ ತುದಿಗೆ ಸೇರುತ್ತದೆ, ಎಟಿಪಿ ಒಡೆದು ಹಳತಾದ ಉಂಡೆ ಮೊನೆಯ ತುದಿಯಲ್ಲಿ ಕಳಚುತ್ತದೆ. 1976ರಲ್ಲಿ ಆಲ್ಬ್ರೆಕ್ಟ್ ವೆಗ್ನರ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ದೇವಸ್ಥಾನದ ಸರದಿ ಸಾಲಿನಲ್ಲಿ ಬಾಲಕ್ಕೆ ಜನ ಸೇರುತ್ತ ಇರುತ್ತಾರೆ, ತಲೆಯಲ್ಲಿ ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಾರೆ. ಸಾಲಿನ ಉದ್ದ ಬದಲಾಗದಿದ್ದರೂ ಒಳಗಿನವರೆಲ್ಲ ಒಂದು ತುದಿಯಿಂದ ಇನ್ನೊಂದರತ್ತ ಸರಿಯುತ್ತಿರುತ್ತಾರೆ. ಆಕ್ಟಿನ್ ಎಳೆಯೂ ಹೀಗೆಯೇ. ಸ್ಥಿರವಾಗಿ ಕಾಣುವಾಗಲೂ ಅದು ನಡೆಯುತ್ತಿರುತ್ತದೆ, ಆ ನಡಿಗೆಗೆ ಎಟಿಪಿಯ ಬೆಲೆ ತೆರುತ್ತಿರುತ್ತದೆ.

ಈ ಹೊತ್ತಿಗಾಗಲೇ ಪದ ಸ್ನಾಯುವಿನ ಬೇಲಿ ದಾಟಿತ್ತು. 1966ರಲ್ಲಿ ಜಪಾನಿನ ಹತಾನೋ ಮತ್ತು ಊಸಾವಾ ಫೈಸೇರಮ್ ಎಂಬ ಲೋಳೆ ಜೀವಿಯಿಂದ ಆಕ್ಟಿನ್ ಬೇರ್ಪಡಿಸಿದರು. ಅದಕ್ಕೆ ಸ್ನಾಯುವೇ ಇಲ್ಲ. 1969ರಲ್ಲಿ ಇಶಿಕಾವಾ, ಬಿಶಫ್ ಮತ್ತು ಹೋಲ್ಟ್ಸರ್ ಸ್ನಾಯುವಲ್ಲದ ಹಲವು ಬಗೆಯ ಜೀವಕೋಶಗಳಲ್ಲಿ ಅದೇ ಬಾಣದ ತಲೆಗಳ ಸಾಲನ್ನು ಕಂಡರು. 1974ರಲ್ಲಿ ಲಜರೈಡೀಸ್ ಮತ್ತು ವೆಬರ್ ಹೊಳೆಯುವ ಪ್ರತಿಕಾಯಗಳನ್ನು ಬಳಸಿದಾಗ, ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳೊಳಗೆ ಉದ್ದುದ್ದ ಆಕ್ಟಿನ್ ಕಂತೆಗಳು ಬೆಳಗಿ ನಿಂತವು. ಸ್ನಾಯುವಿನ ಪ್ರೊಟೀನೆಂದು ತಿಳಿದದ್ದು ಕೋಶಕ್ಕೆ ಆಕಾರ ಕೊಡುವ ಚೌಕಟ್ಟಿನ ಪ್ರೊಟೀನೂ ಆಗಿತ್ತು. ಇಂದು ಈ ಎಳೆಗಳಿಗೆ ಬಣ್ಣ ಕಟ್ಟಲು ಬಳಸುವ ಫ್ಯಾಲಾಯ್ಡಿನ್, ಪ್ರಾಣ ತೆಗೆಯುವ ಅಣಬೆಯೊಂದರ ವಿಷ. ಎಫ್-ಆಕ್ಟಿನ್ನಿಗೆ ಬಿಗಿಯಾಗಿ ಅಂಟುವ ಗುಣದಿಂದಲೇ ಅದು ವಿಷ, ಅದೇ ಗುಣದಿಂದಲೇ ಅದು ಉಪಕರಣ.

ಆಕ್ಟಿನ್ ಎಳೆ ಕೋಶವನ್ನು ನಡೆಸುವುದು ಹೇಗೆ? ಹರಿದಾಡುವ ಕೋಶದ ಮುಂಭಾಗದಲ್ಲಿ ತೆಳ್ಳನೆಯ ಹಾಳೆಯೊಂದು ಚಾಚುತ್ತದೆ. ಬ್ರಿಟನ್ನಿನ ಮೈಕೇಲ್ ಆಬರ್‌ಕ್ರಾಂಬಿ ಮತ್ತು ಸಂಗಡಿಗರು 1970ರಲ್ಲಿ ಅದಕ್ಕೆ ‘ಲ್ಯಾಮೆಲಿಪೋಡಿಯಂ’, ಹಾಳೆಯ ಪಾದ ಎಂಬ ಹೆಸರನ್ನು ಬಳಕೆಗೆ ತಂದರು. ಇದರ ಕೊನೆಯಲ್ಲಿರುವ ಗ್ರೀಕಿನ ‘ಪಾದ’ವೂ ಅಮೀಬಾದ ಮಿಥ್ಯಾಪಾದದಲ್ಲಿರುವ ನಮ್ಮ ಪಾದವೂ ಒಂದೇ ಮೂಲದವು. ಹಾಳೆಯ ಒಳಗೆ ಆಕ್ಟಿನ್ ಎಳೆಗಳು ಕವಲೊಡೆದು ದಟ್ಟ ಜಾಲವಾಗಿರುತ್ತವೆ. ಈ ಕವಲುಗಳನ್ನು ಹುಟ್ಟಿಸುವುದು ಅರ್ಪ್2/3 ಎಂಬ ಏಳು ಪ್ರೊಟೀನುಗಳ ಕೂಟ; ಲಾರಾ ಮಚೆಸ್ಕಿ, ಥಾಮಸ್ ಪೊಲಾರ್ಡ್ ಮತ್ತು ಸಂಗಡಿಗರು ಇದನ್ನು ಅಮೀಬಾದಿಂದ ತೆಗೆದು 1994ರಲ್ಲಿ ವರದಿ ಮಾಡಿದರು. ‘ಅರ್ಪ್’ ಎಂಬುದು ‘ಆಕ್ಟಿನ್ ಸಂಬಂಧಿ ಪ್ರೊಟೀನು’ ಎಂಬುದರ ಇಂಗ್ಲಿಷ್ ಹ್ರಸ್ವರೂಪ. ಹಳೆಯ ಎಳೆಯ ಮಗ್ಗುಲಲ್ಲಿ ಸುಮಾರು 70 ಡಿಗ್ರಿ ಕೋನದಲ್ಲಿ ಅದು ಹೊಸ ಎಳೆಯನ್ನು ನೆಡುತ್ತದೆ. ಎಳೆಯ ತುದಿ ಕೋಶಪೊರೆಗೆ ತಾಗಿರುತ್ತದೆ. ಶಾಖದಿಂದ ಎರಡೂ ಅಲುಗುತ್ತಿರುತ್ತವೆ. ಆ ಅಲುಗಾಟದಲ್ಲಿ ಒಂದು ಉಂಡೆಯಷ್ಟು ಸಂದು ಬಿದ್ದೊಡನೆ ಹೊಸ ಉಂಡೆ ಅಲ್ಲಿ ಸೇರಿಕೊಳ್ಳುತ್ತದೆ, ಪೊರೆಗೆ ಹಿಂದಕ್ಕೆ ಬರಲಾಗುವುದಿಲ್ಲ. ಮಯೋಸಿನ್ನಿನಂಥ ಮೋಟಾರು ಪ್ರೊಟೀನಿನ ನೆರವಿಲ್ಲದೆ ಬರಿಯ ಕೂಡುವಿಕೆಯೇ ತಳ್ಳುವ ಬಲವಾಗುತ್ತದೆ ಎಂದು 1993ರಲ್ಲಿ ಪೆಸ್ಕಿನ್, ಓಡೆಲ್ ಮತ್ತು ಓಸ್ಟರ್ ಗಣಿತದಿಂದ ತೋರಿಸಿದರು. ಮೀನಿನ ಚರ್ಮದ ಕೋಶ ಈ ಬಲದಿಂದ ನಿಮಿಷಕ್ಕೆ 10 ಮೈಕ್ರೋಮೀಟರಿಗೂ ಹೆಚ್ಚು ಸಾಗುತ್ತದೆ.

ಲಿಸ್ಟೀರಿಯಾ ಎಂಬ ರೋಗಾಣು ಹೀಗೆ ತಳ್ಳುವ ಉಪಾಯವನ್ನು ನಮಗಿಂತ ಬಹಳ ಮೊದಲೇ ಕರಗತ ಮಾಡಿಕೊಂಡಿತ್ತು. ನಮ್ಮ ಕೋಶದೊಳಗೆ ಹೊಕ್ಕ ಮೇಲೆ ಅದು ನಮ್ಮದೇ ಆಕ್ಟಿನ್ನನ್ನು ತನ್ನ ಬೆನ್ನ ಹಿಂದೆ ಎಳೆಗಳಾಗಿ ಕಟ್ಟಿಸಿಕೊಂಡು ಮುಂದಕ್ಕೆ ನುಗ್ಗುತ್ತದೆ, ಪಕ್ಕದ ಕೋಶಕ್ಕೂ ಹಾಯುತ್ತದೆ. 1989ರಲ್ಲಿ ಟಿಲ್ನಿ ಮತ್ತು ಪೋರ್ಟ್‌ನಾಯ್ ಈ ಬಾಲವನ್ನು ಚಿತ್ರಿಸಿದರು. ಹತ್ತು ವರ್ಷಗಳ ಬಳಿಕ ಬೇರೆ ಸಂಶೋಧಕರು ಕೆಲವೇ ಶುದ್ಧ ಪ್ರೊಟೀನುಗಳನ್ನು ಬೆರೆಸಿ ಕೋಶದ ಹೊರಗೂ ಅದನ್ನು ಓಡಿಸಿದರು.

ಪದದ ಗಡಿ ಇನ್ನೂ ಹಿಂದಕ್ಕೆ ಸರಿಯಬೇಕಿತ್ತು. ಬ್ಯಾಕ್ಟೀರಿಯಾಗಳಿಗೆ ಒಳಚೌಕಟ್ಟು ಇಲ್ಲವೆಂದೇ ಪುಸ್ತಕಗಳಲ್ಲಿ ಬಹುಕಾಲ ಇತ್ತು. 2001ರಲ್ಲಿ, ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳ ರೂಪ ಕಾಯುವ ಎಂಆರ್‌ಇಬಿ ಎಂಬ ಪ್ರೊಟೀನಿನ ಮಡಿಕೆ ಆಕ್ಟಿನ್ನಿನದೇ ಎಂದು ಸ್ಫಟಿಕ ರಚನೆ ತೋರಿಸಿತು. 2015ರಲ್ಲಿ ಆರ್ಕ್‌ಟಿಕ್ ಸಾಗರದ ತಳದ ಕೆಸರಿನಿಂದ ಓದಿದ ಲೋಕಿಆರ್ಕಿಯಾ ಎಂಬ ಸೂಕ್ಷ್ಮಜೀವಿಗಳ ಜೀನುಗಳಲ್ಲಿ ನಮ್ಮದಕ್ಕೆ ಇನ್ನೂ ಆಪ್ತವಾದ ಆಕ್ಟಿನ್ ಸಿಕ್ಕಿತು. 2022ರ ಕೊನೆಯಲ್ಲಿ ವಿಯೆನ್ನಾದ ತಂಡವೊಂದು ಅಂಥ ಜೀವಿಯನ್ನು ಬೆಳೆಸಿ, ಅದರ ಉದ್ದನೆಯ ಚಾಚುಗಳೊಳಗೆ ಆಕ್ಟಿನ್ ಎಳೆಗಳನ್ನೇ ಕಂಡಿತು. ಸ್ನಾಯು, ನರ, ಎಲೆ, ಹೂ ಯಾವುದೂ ಇಲ್ಲದ ಕಾಲದಲ್ಲೇ ಈ ಪ್ರೊಟೀನು ಇತ್ತು. ಮಯೋಸಿನ್ನಿಗೆ ಸಹಾಯಕ ಎಂದು ಇಟ್ಟ ಹೆಸರನ್ನು ಹೊತ್ತದ್ದು ಎಲ್ಲರಿಗಿಂತ ಹಿರಿಯ ಮನೆತನ.

ಈಗ ಧಾತುವಿನ ಮಾತಿಗೆ ಹೊರಳಬಹುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್, ಭೌತವಿಜ್ಞಾನಿ ಮದನ್ ರಾವ್ ಮತ್ತು ಅವರ ತಂಡಗಳು ಕೋಶಪೊರೆಯ ಹೊರಮೈಯಲ್ಲಿ ಕೆಲವು ಪ್ರೊಟೀನುಗಳು ಚಿಕ್ಕ ಚಿಕ್ಕ ಗುಂಪುಗಳಾಗಿರುವುದನ್ನು ಕಂಡಿದ್ದರು. ತಾವಾಗಿ ಅಡ್ಡಾಡುವ ಅಣುಗಳು ಹಾಗೆ ಗುಂಪುಗೂಡುವುದಿಲ್ಲ. ಪೊರೆಯ ಒಳಮಗ್ಗುಲಲ್ಲಿ ಮಯೋಸಿನ್ ಬಲದಿಂದ ಓಡಾಡುವ ಗಿಡ್ಡ ಆಕ್ಟಿನ್ ಎಳೆಗಳೇ ಅವನ್ನು ಒಂದೆಡೆ ಕೂಡಿಸುತ್ತವೆ ಎಂದು 2008 ಮತ್ತು 2012ರ ಅವರ ಪ್ರಬಂಧಗಳು ವಾದಿಸಿದವು. ಒಟ್ಟಿಗೆ ಅಟ್ಟಿ ಒಂದೆಡೆ ಕೂಡಿಸುವುದು ಎಂದರೆ ‘ಸಮ್’ ಮತ್ತು ‘ಅಜ್’. ಪಾಣಿನಿ ಸೂತ್ರ ಕಟ್ಟಿದ ಅರ್ಥ ಅಕ್ಷರಶಃ ಇದೇ. ಇಂಥ ವಸ್ತುವನ್ನು ವಿವರಿಸುವ ಭೌತಶಾಸ್ತ್ರದ ಶಾಖೆಗೆ ‘ಆಕ್ಟಿವ್ ಮ್ಯಾಟರ್’, ಸಕ್ರಿಯ ದ್ರವ್ಯ ಎಂದು ಹೆಸರು. ಅದನ್ನು ಕಟ್ಟಿದ ಮುಂದಾಳುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀರಾಮ್ ರಾಮಸ್ವಾಮಿ ಒಬ್ಬರು. ಆ ‘ಆಕ್ಟಿವ್’ ಕೂಡ ಅದೇ ಅಟ್ಟುವ ಧಾತು. ಸೆಗೆಡ್‌ನಲ್ಲಿ ಹೆಸರಿಟ್ಟವರು ಕಂಡದ್ದು ಮಯೋಸಿನ್ನನ್ನು ಚುರುಕುಗೊಳಿಸುವ ಗುಣವನ್ನು ಮಾತ್ರ. ಅವರು ಆರಿಸಿದ ಧಾತುವಿನಲ್ಲಿ ನಡೆಸುವುದು, ತಳ್ಳುವುದು, ಕೂಡಿಸುವುದು ಎಲ್ಲವೂ ಮೊದಲೇ ಇತ್ತು.

ಪದ ಈಗ ಆಸ್ಪತ್ರೆಗೂ ಬಂದಿದೆ. ನಮ್ಮಲ್ಲಿ ಆಕ್ಟಿನ್ ಜೀನುಗಳು ಆರು. ಅವುಗಳಲ್ಲಿ ಬೀಟಾ ಮತ್ತು ಗಾಮಾ ಆಕ್ಟಿನ್‌ಗಳ ನಡುವೆ ಬರೀ ನಾಲ್ಕು ಅಮೈನೋ ಆಮ್ಲಗಳ ವ್ಯತ್ಯಾಸ. ಆದರೂ ಗಾಮಾ ಜೀನಿನ ಕೆಲವು ದೋಷಗಳಿಂದ ಒಳಕಿವಿಯ ಸೂಕ್ಷ್ಮ ಕೂದಲುಗಳು ಹಾಳಾಗಿ ಕ್ರಮೇಣ ಕಿವುಡು ಬರುತ್ತದೆ. ಸ್ನಾಯುವಿನ ಆಕ್ಟಿನ್ ಕೆಟ್ಟರೆ ಹುಟ್ಟಿದ ಮಗುವಿನ ಕೈಕಾಲು ಬಲಹೀನವಾಗುವ ಕಾಯಿಲೆ ಬರಬಹುದು. ಯಕೃತ್ತಿನ ಒಂದು ಬಗೆಯ ಉರಿಯೂತದಲ್ಲಿ ದೇಹ ತನ್ನ ಎಫ್-ಆಕ್ಟಿನ್ನಿನ ಮೇಲೆಯೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಪ್ರತಿಕಾಯಗಳ ಪರೀಕ್ಷೆಯ ವರದಿ ಹಿಡಿದು ಕೂತ ಮನೆಮಂದಿಗೆ ಈ ಪದ ಪಠ್ಯಪುಸ್ತಕದ್ದಲ್ಲ.

ಅಂಥವರಿಗೆ ಕನ್ನಡದಲ್ಲಿ ಇದನ್ನು ಹೇಗೆ ಹೇಳಬೇಕು ಎಂಬುದು ನನಗೆ ನಿಜವಾಗಿ ಮುಖ್ಯವಾದ ಪ್ರಶ್ನೆ. ಆಕ್ಟಿನ್ ಎಂಬ ಹೆಸರನ್ನು ಇದ್ದಂತೆಯೇ ಇಟ್ಟುಕೊಳ್ಳಬೇಕು. ಅದಕ್ಕೊಂದು ಸಂಸ್ಕೃತದ ಬದಲಿ ಹುಡುಕಿದರೆ ಪದದ ಬಾಳು ಕಡಿದಂತಾಗುತ್ತದೆ, ಓದುಗನಿಗೆ ವೈದ್ಯರ ವರದಿಯೊಂದಿಗೆ ನಂಟೂ ತಪ್ಪುತ್ತದೆ. ಆದರೆ ಅದರ ಸುತ್ತ ನಡೆಯುವುದನ್ನೆಲ್ಲ ಕನ್ನಡವೇ ಹೇಳಬಲ್ಲದು. ‘ಫಿಲಮೆಂಟ್’ಗೆ ಎಳೆ ಎನ್ನುವಾಗ ನಮಗೆ ದಾರವೂ ಸಿಗುತ್ತದೆ, ಎಳೆಯುವ ಕ್ರಿಯೆಯೂ ಸಿಗುತ್ತದೆ; ಆಕ್ಟಿನ್ ಎರಡೂ ಹೌದು. ಉಂಡೆಗಳು ಕೂಡುತ್ತವೆ, ಕಳಚುತ್ತವೆ. ಎಳೆಗಳು ಕವಲೊಡೆಯುತ್ತವೆ, ಹೆಣೆದುಕೊಳ್ಳುತ್ತವೆ, ಪೊರೆಯನ್ನು ತಳ್ಳುತ್ತವೆ, ಅಣುಗಳನ್ನು ಅಟ್ಟುತ್ತವೆ. ಕ್ರಿಯಾಪದದಿಂದ ಹುಟ್ಟಿದ ಹೆಸರಿಗೆ ನಮ್ಮ ನುಡಿಯ ಕ್ರಿಯಾಪದಗಳೇ ತಕ್ಕ ಬಳಗ.